ಹತ್ತೊಂಬತ್ತು ನಿಮಿಷ

ಕಂದಲಿಯಿಂದ ಕಾರ್ಖಾನೆ ಗೇಟಿಗೆ
ಮೊದಲು ಐವತ್ತೆರಡು. ಈಗ ಮೂವತ್ತಮೂರು.
ನಿಲ್ದಾಣದ ಕೆಂಪಕ್ಷರದ ಹಲಗೆ ಲೆಕ್ಕ ತಪ್ಪುವುದಿಲ್ಲ.
ನಾನೂ ತಪ್ಪುವುದಿಲ್ಲ,
ದಿನಕ್ಕೆ ಇನ್ನೂರ ಮೂವತ್ತು ದಿಂಬಿನ ಗವಸಿಗೆ ಅಂಚು ಹೊಲಿಯುವವಳು.

ಬಿ.ಎಂ. ರಸ್ತೆಯ ನಡುವೆ ಎರಡು ಸಾಲು ಬಸ್ಸಿಗೇ ಮೀಸಲು,
ಆಚೀಚೆ ಕಬ್ಬಿಣದ ಬೇಲಿ.
ಎಮ್ಮೆ ಬಂದರೂ ಬಿಡುವುದಿಲ್ಲ,
ಮಂತ್ರಿ ಬಂದರೂ ಬಿಡುವುದಿಲ್ಲ ಎಂದರು.
ಎಮ್ಮೆಯ ವಿಷಯದಲ್ಲಿ ಮಾತು ಉಳಿಸಿಕೊಂಡರು.

ಮೊದಲ ದಿನ
ಚಪ್ಪಲಿ ಬಿಟ್ಟು ಹತ್ತಬೇಕೇನೋ ಅನ್ನುವ ಹಾಗೆ
ಬಾಗಿಲಲ್ಲಿ ತಡೆದು ನಿಂತೆವು.
ಜಬೀನಾ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ
"ಟಕ್ ಅಂತು ಕಣೇ, ಬೈಯ್ತಾ ನನ್ನ?" ಅಂದಳು.
ತಣ್ಣೀರುಹಳ್ಳ ಬಂತು, ಹೋಯಿತು.
ಅವಳ ನಾದಿನಿಯ ಕತೆ ಅರ್ಧದಲ್ಲಿರುವಾಗಲೇ ಡೈರಿ ಸರ್ಕಲ್.
ಆ ಕತೆ ಇವತ್ತಿಗೂ ಅರ್ಧಕ್ಕೇ ನಿಂತಿದೆ.

ಹಳೇ ಬಸ್ಸು ಕೈ ಎತ್ತಿದಲ್ಲಿ ನಿಲ್ಲುತ್ತಿತ್ತು.
ಎತ್ತದಿದ್ದರೆ ಕಂಡಕ್ಟರು ಚಿಕ್ಕೀರೇಗೌಡರು ಕತ್ತು ಹೊರಗೆ ಹಾಕಿ
"ಬರಲ್ವೇನಮ್ಮ, ಜ್ವರವಾ?" ಎಂದು ಕೇಳಿಯೇ ಸೀಟಿ ಊದುವವರು.
ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಡುವಾಗಲೂ
ಚಿಲ್ಲರೆ ಬಾಕಿ ಇಟ್ಟವರ ಹಾಗೆ ನಗುವವರು.
ಈಗಿನದಕ್ಕೆ ಇಪ್ಪತ್ತೆರಡು ರೂಪಾಯಿ. ನಗು ಇಲ್ಲ.
ಒಂದು ಹೆಣ್ಣುದನಿ ಇದೆ,
ನಮ್ಮೂರ ಹೆಸರನ್ನು ನಮ್ಮೂರು ನೋಡದವಳ ಹಾಗೆ ಹೇಳುತ್ತದೆ.

ಹೊಂಬಾಳಮ್ಮನ ಸೊಗಡವರೆ ಚೀಲ
ಸುತ್ತುವ ಬಾಗಿಲಲ್ಲಿ ತೂರಲಿಲ್ಲ.
ಮೂರು ಸಲ ನೂಕಿ ನೋಡಿದಳು.
ಆಮೇಲೆ ಕಾವಲಿನ ಹುಡುಗನ ಕೈಗೆ ಒಂದು ಹಿಡಿ ಕಾಯಿ ಹಾಕಿ
"ನಿನ್ನ ಬಾಗಿಲು ಬಡವಾಗೈತೆ ಕಣಪ್ಪ, ತಿನ್ನಿಸು" ಅಂದು
ಬೇಲಿಯ ಆಚೆ ಹೋಗಿ ನಿಂತಳು.
ಅಲ್ಲಿಗೆ ಹಳೇ ಬಸ್ಸು ಗಂಟೆಗೊಂದು ಬರುತ್ತದಂತೆ.
ನಾನು ಒಳಗಿನಿಂದ ಕೈ ಬೀಸಿದೆ.
ಗಾಜಿಗೆ ಕಪ್ಪು ಬಣ್ಣ. ಕಂಡಳೋ ಇಲ್ಲವೋ.

ಹಾಗಂತ ದೂರಲಾರೆ.
ಬೆನ್ನಿಗೆ ಅಂಟುವ ಯಾವನದೋ ಮೊಣಕೈಗೆ
ಪಿನ್ನು ತೆರೆದು ಹಿಡಿದು ನಿಂತ ವರ್ಷಗಳಿವೆ.
ಈಗ ಪಿನ್ನು ಸೆರಗಲ್ಲೇ ಇದೆ, ತುಕ್ಕು ಹಿಡಿಯುತ್ತಿದೆ.
ಹಿಡಿಯಲಿ.

ಉಳಿಯಿತಲ್ಲ ಹತ್ತೊಂಬತ್ತು ನಿಮಿಷ,
ಅದನ್ನು ಎಲ್ಲಿಟ್ಟೆ ಎಂದು ಒಂದು ಭಾನುವಾರ ಹುಡುಕಿದೆ.
ಅತ್ತೆಗೆ ಸುದ್ದಿ ಮುಟ್ಟಿ
ಬೆಳಗಿನ ಕೊಟ್ಟಿಗೆ ನನ್ನ ಪಾಲಿಗೆ ಬಂದಿತ್ತು: ಆರು.
ಮಗನ ಬೂಟಿನ ದಾರ, ಗಂಡನ ಕಾಣೆಯಾದ ಬೈಕಿನ ಕೀ: ಐದು.
ಸೂಪರ್‌ವೈಸರು "ಇನ್ನು ಬಸ್ಸಿನ ನೆಪ ನಡೆಯಲ್ಲ" ಎಂದು
ಗೇಟು ಹಾಕುವ ಹೊತ್ತನ್ನು ಮುಂಚೆ ತಂದಿದ್ದ: ಎಂಟು.
ಬೆರಳು ಮಡಚಿ ಕೂಡಿದೆ.
ಮತ್ತೊಮ್ಮೆ ಕೂಡಿದೆ, ಬೇರೆ ಕೈಯಲ್ಲಿ.

ಹಳೇ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಕೊಟ್ಟರೆ
ಆಲೂಗಡ್ಡೆ ಮಂಡಿಯ ಮಣ್ಣುವಾಸನೆ ಮೂಗಿಗೆ ಬಡಿದಾಗಲೇ ಎಚ್ಚರ.
ಅಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ.
ತಡವಾದರೆ ಬೈಸಿಕೊಳ್ಳಲು ಬಸ್ಸಿತ್ತು.
ಯಾರಿಗೂ ಬೇಡದ ಹೊತ್ತು ಅದು,
ಹಾಗಾಗಿ ಯಾರೂ ಕೇಳಿರಲಿಲ್ಲ.

ನಿನ್ನೆ ಸಂಜೆ
ಆರೂ ಹತ್ತರ ಬಸ್ಸು ಬಂತು, ಬಾಗಿಲು ತೆರೆಯಿತು.
ನಾನು ಏಳಲಿಲ್ಲ.
ಉಗುರಿನ ಸಂದಿಯಿಂದ ಬಿಳಿ ನೂಲು ಕೀಳುತ್ತ ಕೂತೇ ಇದ್ದೆ.
"ಅಕ್ಕಾ, ಕಂದಲಿ ಬಸ್ಸು ಇದೇ."
"ಗೊತ್ತು. ಮುಂದಿನದಕ್ಕೆ ಹೋಗ್ತೀನಿ."
"ಯಾರಾದ್ರೂ ಬರ್ಬೇಕಿತ್ತಾ?"
ಹೂಂ ಅಂದೆ.

ಬಾಗಿಲು ಮುಚ್ಚಿತು. ಒಳಗಿದ್ದ ಜಬೀನಾ
ಕಣ್ಣಲ್ಲೇ ಏನೋ ಕೇಳುತ್ತ ಜಾರಿ ಹೋದಳು.
ಹಲಗೆಯ ಮೇಲೆ, ಮುಂದಿನ ಬಸ್ಸು ಒಂಬತ್ತು ನಿಮಿಷ.
ಕಾಲು ಚಾಚಿದೆ. ಚಪ್ಪಲಿ ಬಿಟ್ಟೆ.
ನೆಲ ತಣ್ಣಗಿತ್ತು.

ಹಲಗೆ ಎಂಟು ಅಂತು.
ಇಷ್ಟು ಬೇಗನಾ, ಅಂದುಕೊಂಡೆ.